ಸಿಪಾಯಿಗಳ ವಕೀಲ

ಬೇಸಿಗೆ ಬಂತೆಂದರೆ ಬಾಸ್ಟನ್ ಸುತ್ತಮುತ್ತ ಇರುವ ನಮಗೆಲ್ಲ ಒಂದು ಕೆಲಸ ಕಾಯಂ. ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವನನ್ನು ಪೇಟೆಗೆ ಕರೆದುಕೊಂಡು ಹೋಗಿ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ತೋರಿಸುವ ಫ್ರೀಡಂ ಟ್ರೇಲಿನ ಕೆಂಪು ಗೆರೆ ಹಿಡಿದು ನಡೆಸುವುದು. ಹೋದ ವರ್ಷ ನಮ್ಮ ಮಾವನವರು ಬಂದಿದ್ದರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಓಲ್ಡ್ ಸ್ಟೇಟ್ ಹೌಸ್ ಹತ್ತಿರ ನೆಲದಲ್ಲಿ ಕಲ್ಲು ಹಾಸಿದ ದುಂಡನೆಯ ಗುರುತು ಇದೆಯಲ್ಲ, ಅಲ್ಲಿ ನಿಂತು ನಾನು ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ: 1770ರ ಮಾರ್ಚ್ 5, ಬ್ರಿಟಿಷ್ ಸಿಪಾಯಿಗಳು ಗುಂಪಿನ ಮೇಲೆ ಗುಂಡು ಹಾರಿಸಿದರು, ಐದು ಜನ ಸತ್ತರು. ಅವರು ಕಲ್ಲನ್ನೇ ನೋಡುತ್ತಾ ಕೇಳಿದರು, "ಅದು ಸರಿ, ಸಿಪಾಯಿಗಳ ಪರ ವಕಾಲತ್ತು ಹಾಕಿದ್ದು ಯಾರು?"

ಆ ಜಾಗದಲ್ಲಿ ಎಷ್ಟು ಜನಕ್ಕೆ ಆ ಕತೆ ಹೇಳಿದ್ದೇನೋ, ಒಬ್ಬರೂ ಇದನ್ನು ಕೇಳಿರಲಿಲ್ಲ. ಫೋನ್ ತೆಗೆದು ಹುಡುಕಬೇಕಾಯಿತು.

ಜಾನ್ ಆಡಮ್ಸ್. ಮುಂದೆ ದೇಶದ ಎರಡನೇ ಅಧ್ಯಕ್ಷರಾದರಲ್ಲ, ಅವರೇ. ಆಗ ವಯಸ್ಸು 34. ಬ್ರಿಟಿಷರ ತೆರಿಗೆಯನ್ನು ಕಂಡರಾಗದವರು. ಅವರ ದಾಯಾದಿ ಸ್ಯಾಮ್ಯುಯೆಲ್ ಆಡಮ್ಸ್ ಅಂತೂ ಸೈನ್ಯ ಊರು ಬಿಟ್ಟು ತೊಲಗಲಿ ಎಂದು ಮುಂದೆ ನಿಂತು ಕೂಗುತ್ತಿದ್ದವರು. ಇಂಥ ಮನೆತನದ ವಕೀಲ ಇಡೀ ಊರು ಶಪಿಸುತ್ತಿದ್ದವರ ಪರ ನಿಂತರೆ ಏನಾಗಬೇಡ, ಯೋಚಿಸಿ. ಆದರೂ ನಿಂತರು. ಸಿಪಾಯಿಗಳ ಮುಖ್ಯಸ್ಥ ಕ್ಯಾಪ್ಟನ್ ಪ್ರೆಸ್ಟನ್ ಬಿಡುಗಡೆಯಾದ. ಎಂಟು ಸಿಪಾಯಿಗಳಲ್ಲಿ ಆರು ಜನಕ್ಕೂ ಬಿಡುಗಡೆ. ಉಳಿದಿಬ್ಬರದು ಕೊಲೆ ಅಲ್ಲ, ಅದಕ್ಕಿಂತ ಕೆಳಗಿನ ಅಪರಾಧ ಎಂದಾಗಿ ಹೆಬ್ಬೆರಳಿಗೆ ಬರೆ ಹಾಕಿ ಕಳಿಸಿದರು. ಮೂರು ವರ್ಷದ ಮೇಲೆ ಆಡಮ್ಸ್ ತಮ್ಮ ದಿನಚರಿಯಲ್ಲಿ, ದೇಶಕ್ಕೆ ನಾನು ಮಾಡಿದ ಒಳ್ಳೆಯ ಸೇವೆಗಳಲ್ಲಿ ಇದೂ ಒಂದು ಎಂದು ಬರೆದುಕೊಂಡರು.

ಅವರನ್ನು ದೇವರು ಮಾಡುವುದು ಬೇಡ. ಸತ್ತ ಐವರಲ್ಲಿ ಒಬ್ಬರಾದ ಕ್ರಿಸ್ಪಸ್ ಅಟಕ್ಸ್ ಕಪ್ಪು ಜನರ ಮತ್ತು ಇಲ್ಲಿನ ಮೂಲನಿವಾಸಿಗಳ ಸಂತತಿಯವರು. ಅವರ ಬಗ್ಗೆ ಆಡಮ್ಸ್ ಕೋರ್ಟಿನಲ್ಲಿ ಆಡಿದ ಮಾತು, ಅವನ ರೂಪ ನೋಡಿದರೇ ಹೆದರಿಕೆ ಅನ್ನುವ ಧಾಟಿಯದ್ದು, ಇವತ್ತು ಓದಿದರೆ ಮುಖ ಕಿವುಚುವ ಹಾಗಿದೆ. ಕಕ್ಷಿದಾರನನ್ನು ಉಳಿಸಲು ವಕೀಲರು ಏನೆಲ್ಲ ಹೇಳುತ್ತಾರೆ ಅಂತ ಮಾವನವರು ನಕ್ಕರು. ನನಗೆ ನಗು ಬರಲಿಲ್ಲ.

ಹತ್ತು ವರ್ಷ ಕಳೆದು, 1780ರಲ್ಲಿ, ಜಾರಿಗೆ ಬಂದ ಮ್ಯಾಸಚೂಸೆಟ್ಸ್ ಸಂವಿಧಾನದ ಕರಡು ಬರೆದವರೂ ಇದೇ ಆಡಮ್ಸ್. ಇಲ್ಲಿ ಆಳುವುದು ಕಾನೂನು, ವ್ಯಕ್ತಿಗಳಲ್ಲ ಅನ್ನುವ ಮಾತು ಅದರಲ್ಲಿದೆ, ಆ ಸಂವಿಧಾನ ಇವತ್ತಿಗೂ ಚಾಲ್ತಿಯಲ್ಲಿದೆ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದೂ ಇದೆ. ಇದೇ ರಾಜ್ಯದ ಶೆಫೀಲ್ಡಿನಲ್ಲಿ ಗುಲಾಮಳಾಗಿದ್ದ ಬೆಟ್ ಎಂಬ ಹೆಂಗಸಿಗೆ ಓದು ಬರಹ ಬರುತ್ತಿರಲಿಲ್ಲ. ಯಜಮಾನಿ ಇನ್ನೊಬ್ಬಳ ಮೇಲೆ ಬೀಸಿದ ಒಲೆಯ ಕಾದ ಸಲಿಕೆಗೆ ಆಕೆ ತನ್ನ ತೋಳನ್ನೇ ಅಡ್ಡ ಕೊಟ್ಟಳು, ಗಾಯವನ್ನು ಮುಚ್ಚದೆ ಎಲ್ಲರಿಗೂ ಕಾಣುವ ಹಾಗೆ ಬಿಟ್ಟಳು ಎಂಬ ಕತೆಯಿದೆ. 1781ರಲ್ಲಿ ಆಕೆ ಸಮಾನತೆಯ ಆ ಸಾಲನ್ನೇ ನೆಚ್ಚಿ, ವಕೀಲರನ್ನು ಹಿಡಿದು ಕೋರ್ಟಿಗೆ ಹೋದಳು. ಗೆದ್ದಳು. ಪರಿಹಾರ 30 ಶಿಲ್ಲಿಂಗ್. ಎಲಿಜಬೆತ್ ಫ್ರೀಮನ್ ಅಂತ ಹೊಸ ಹೆಸರು ಇಟ್ಟುಕೊಂಡಳು. ಬರೆದವರಿಗಿಂತ ಆ ಸಾಲಿನ ಅರ್ಥ ಆಕೆಗೇ ಜಾಸ್ತಿ ಗೊತ್ತಿತ್ತು ಅನ್ನಿಸುತ್ತದೆ ನನಗೆ.

ಬಾಗಿಲು ಎಲ್ಲರಿಗೂ ಒಂದೇ ಸಲ ತೆರೆಯಲಿಲ್ಲ, ಅದೂ ನಿಜ. 1790ರ ಕಾಯ್ದೆ ಹೊರಗಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವ ಅಂದಿತು. ಅದೇ ಮಾತು ಹಿಡಿದು 1923ರಲ್ಲಿ ಸುಪ್ರೀಂ ಕೋರ್ಟ್ ಭಾರತದಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಪೌರತ್ವ ಇಲ್ಲ ಅಂದಿತು. ಭಾರತೀಯರಿಗೆ ದಾರಿ ಬಿಟ್ಟಿದ್ದು 1946ರಲ್ಲಿ, ಅದೂ ವಲಸೆಗೆ ವರ್ಷಕ್ಕೆ ನೂರು ಜನ ಅಂತ ಲೆಕ್ಕ ಹಾಕಿ. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಪಟಾಕಿ ನೋಡಲು ನಾವೂ ಹೋಗುತ್ತೇವೆ.

ಇಷ್ಟೆಲ್ಲ ಸುಮ್ನೆ ಬರೆಯುತ್ತಿಲ್ಲ. ಹೋದ ತಿಂಗಳ ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಯುಗಾದಿ ಊಟದ ಲೆಕ್ಕ ಬಂದಾಗ ಏನಾಯಿತು ಅಂತ ಇದ್ದವರಿಗೆಲ್ಲ ಗೊತ್ತು. ಹೋಳಿಗೆ ಬಿಲ್ಲು ತಾಳೆಯಾಗಲಿಲ್ಲ, ಎರಡೇ ನಿಮಿಷದಲ್ಲಿ ತೀರ್ಪೂ ಆಗಿಹೋಯಿತು. ಖಜಾಂಚಿಯವರು ಎದ್ದು ನಿಂತು ಮೈಕ್ ಕೇಳಿದರು, ಯಾರೂ ಕೊಡಲಿಲ್ಲ. ಮೈಕ್ ಇದ್ದದ್ದು ನನ್ನ ಪಕ್ಕದ ಕುರ್ಚಿಯ ಮೇಲೆ. ನಾನು ಕೈ ಕಟ್ಟಿ ಕೂತಿದ್ದೆ, ಯಾಕೆಂದರೆ ಮುಂದಿನ ಸಾಲಿನಲ್ಲಿ ಕೂಗುತ್ತಿದ್ದವರೆಲ್ಲ ನನ್ನ ಸ್ನೇಹಿತರೇ.

ಖಜಾಂಚಿಯವರ ಉತ್ತರ ಈ ಸಂಚಿಕೆಯ 4ನೇ ಪುಟದಿಂದ ಇದೆ. ರಸೀದಿಗಳ ಫೋಟೋ ಸೇರಿ ಎರಡೂವರೆ ಪುಟ, ಒಂದಕ್ಷರವನ್ನೂ ಕತ್ತರಿಸಿಲ್ಲ. ಮಕ್ಕಳ ಚಿತ್ರಗಳು ಮುಂದಿನ ಸಂಚಿಕೆಗೆ ಹೋಗಿವೆ, ಅಪ್ಪ ಅಮ್ಮಂದಿರು ಬೇಸರ ಮಾಡಿಕೊಳ್ಳಬೇಡಿ.