ಬೇಡಿಕೆ ಇಲ್ಲದ ವೆಂಟಿಲೇಟರ್

ಮಾನ್ಯರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂಲೆ ಸೇರಿರುವ ವೆಂಟಿಲೇಟರ್‌ಗಳ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅಧಿಕಾರಿಗಳು ಕೊಟ್ಟ ಸಮಜಾಯಿಷಿಯನ್ನೂ ಓದಿದೆ. ಕೋವಿಡ್ ಮುಗಿದಿದೆ, ಈಗ ಅವುಗಳಿಗೆ ಬೇಡಿಕೆ ಇಲ್ಲವಂತೆ. ಅದನ್ನು ಓದುವಾಗ ನಾನು ಶಿವಮೊಗ್ಗದ ಆಸ್ಪತ್ರೆಯೊಂದರ ಐಸಿಯು ಹೊರಗೆ ಕೂತಿದ್ದೆ. ಒಳಗೆ ನನ್ನ ಭಾವ ವೆಂಟಿಲೇಟರ್‌ನಲ್ಲಿದ್ದರು. ಮೈಯೆಲ್ಲ ಉರಿದುಹೋಯಿತು.

ಭಾವನಿಗೆ ಬಂದದ್ದು ಇಲಿ ಜ್ವರ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಮಳೆಯಲ್ಲೇ ತೋಟ ಸುತ್ತಿದವರು. ಬರಿಗಾಲಲ್ಲಿ ಬಸಿಗಾಲುವೆ ಇಳಿದು ಹತ್ತಿದವರು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಜ್ವರ ಬಂತು, ಮೀನಖಂಡ ಹಿಡಿದುಕೊಂಡಿತು. ಹತ್ತಿರದ ಆಸ್ಪತ್ರೆಯಲ್ಲಿ ವೈರಲ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಶುರುವಾದದ್ದು ಉಸಿರಿನ ತೊಂದರೆ. ಒಂದು ಮಾತನ್ನು ಪೂರ್ತಿ ಆಡಲು ಆಗುತ್ತಿರಲಿಲ್ಲ. ಎರಡು ಶಬ್ದಕ್ಕೊಮ್ಮೆ ನಿಲ್ಲಿಸಿ ಭುಜ ಎತ್ತಿ ಉಸಿರು ಎಳೆಯುತ್ತಿದ್ದರು.

ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡಲು ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಸೆಲ್ ಇರಲಿಲ್ಲ. ಇನ್ನೊಂದು ಹುಡುಕಿ ತಂದರು. ಭಾವನ ಉಗುರಿಗೆ ಕೊಳೆ ಔಷಧಿಯ ಮೈಲುತುತ್ತದ ನೀಲಿ ಹತ್ತಿಕೊಂಡಿತ್ತು. ಬಣ್ಣ ಇದ್ದರೆ ತಪ್ಪು ತೋರಿಸಬಹುದು ಎಂದು ನರ್ಸಮ್ಮ ಇನ್ನೊಂದು ಕೈಯ ಬೆರಳು ಒರೆಸಿ ಹಾಕಿ ನೋಡಿದರು. ಅಲ್ಲೂ 81. ಆರೋಗ್ಯವಂತರಿಗೆ 95ರ ಮೇಲೆ ಇರಬೇಕು. ಪಕ್ಕದ ಕೋಣೆಯಲ್ಲೇ ವೆಂಟಿಲೇಟರ್ ಇತ್ತು. ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ, ಅದರ ಮೇಲೆ ಹಳೆಯ ರಿಜಿಸ್ಟರ್‌ಗಳ ಕಟ್ಟು. ಅದನ್ನು ನಡೆಸುವವರೇ ಇಲ್ಲ. ಅರಿವಳಿಕೆ ವೈದ್ಯರ ಹುದ್ದೆ ಖಾಲಿ. ಶಿವಮೊಗ್ಗಕ್ಕೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

108 ಬೇರೆ ಕೇಸಿಗೆ ಹೋಗಿತ್ತು. ಖಾಸಗಿ ಆಂಬುಲೆನ್ಸ್‌ನವರು ಮೊದಲು ದುಡ್ಡು ಇಡಿ ಎಂದರು. ಘಟ್ಟ ಇಳಿದು ಮಣಿಪಾಲದ ಕಡೆ ಹೋಗೋಣ ಎಂದರೆ ದಾರಿಗೆ ಮರ ಬಿದ್ದಿದೆ ಎಂಬ ಸುದ್ದಿ. ಶಿವಮೊಗ್ಗದ ರಸ್ತೆಯ ಗುಂಡಿಗಳ ಬಗ್ಗೆ ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅಕ್ಕ ದಾರಿಯುದ್ದಕ್ಕೂ ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನೇ ನೋಡುತ್ತಾ ಕೂತಿದ್ದಳು. ಬೆಡ್ ಇದೆಯಾ ಎಂದು ಮೊದಲೇ ಕೇಳೋಣ ಎಂದರೆ ಕಾಡಿನ ನಡುವೆ ಸಿಗ್ನಲ್ ಇಲ್ಲ. ಹೋದ ಮೊದಲ ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಎಂದು ಬಾಗಿಲಿಂದಲೇ ವಾಪಸ್ ಕಳಿಸಿದರು. ಇದು ಬೇಡಿಕೆ ಅಲ್ವಾ?

ಇಲಿ ಜ್ವರ ಕೈಮೀರಿ ಭಾವನಿಗೆ ಬಂದ ಈ ಉಸಿರಿನ ಕಾಯಿಲೆಗೆ ವೈದ್ಯರು ಎಆರ್‌ಡಿಎಸ್ ಎನ್ನುತ್ತಾರೆ. ನಮ್ಮೂರಲ್ಲಿ ಇದನ್ನು ದಮ್ಮು ಎನ್ನುತ್ತಾರೆ, ತೀರಿಕೊಂಡರೆ ಹಾರ್ಟ್ ಅಟ್ಯಾಕ್ ಎನ್ನುತ್ತಾರೆ. ಎರಡೂ ಅಲ್ಲ. ಶ್ವಾಸಕೋಶದೊಳಗೆ ಗಾಳಿ ತುಂಬುವ ಸಣ್ಣ ಸಣ್ಣ ಚೀಲಗಳಿವೆ. ಸೋಂಕು ಜೋರಾದಾಗ ಅವುಗಳ ಸುತ್ತಲಿನ ರಕ್ತನಾಳ ಸೋರತೊಡಗುತ್ತದೆ. ಬದು ಒಡೆದ ಗದ್ದೆಗೆ ನೀರು ನುಗ್ಗಿದ ಹಾಗೆ ಚೀಲಗಳೆಲ್ಲ ತುಂಬುತ್ತವೆ. ಹೃದಯ ಸರಿಯಾಗೇ ಇದ್ದರೂ ಎರಡೂ ಶ್ವಾಸಕೋಶದಲ್ಲಿ ನೀರು. ಎಷ್ಟು ಆಕ್ಸಿಜನ್ ಕೊಟ್ಟರೂ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೇ. ನ್ಯುಮೋನಿಯಾದಿಂದ ಬರಬಹುದು, ರಕ್ತಕ್ಕೆ ನಂಜೇರಿದರೆ ಬರಬಹುದು, ದೊಡ್ಡ ಅಪಘಾತದಿಂದಲೂ ಬರಬಹುದು. ಇಲಿ ಜ್ವರ, ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಕೈಮೀರಿದರೂ ಬರುತ್ತದೆ. ಈ ಎರಡು ಜ್ವರಕ್ಕೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಇದೆ. ಆದರೆ ಬೇಗ ಕೊಡಬೇಕು.

1967ರಲ್ಲೇ ಅಮೆರಿಕದ ವೈದ್ಯರು 12 ರೋಗಿಗಳನ್ನು ನೋಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಕಾಯಿಲೆ ಬಗ್ಗೆ ಬರೆದಿದ್ದಾರೆ. ಕೋವಿಡ್ ಬಂದದ್ದು ಅದಾಗಿ 50 ವರ್ಷಗಳ ಮೇಲೆ. ಕೋವಿಡ್ ಹೋದರೆ ಇದೂ ಹೋಯಿತು ಎಂದು ಹೇಳುವ ಅಧಿಕಾರಿಗೆ ಇಷ್ಟೂ ಗೊತ್ತಿಲ್ಲವಾ?

ಯಂತ್ರ ಒಂದೇ ಇದ್ದರೂ ಸಾಲದು. ಅದು ಕಾಯಿಲೆ ವಾಸಿ ಮಾಡುವುದಿಲ್ಲ, ಔಷಧಿ ಕೆಲಸ ಮಾಡುವ ತನಕ ಜೀವ ಹಿಡಿದಿಡುತ್ತದೆ. ಗಾಳಿ ಜಾಸ್ತಿ ಬಿಟ್ಟರೆ ಶ್ವಾಸಕೋಶಕ್ಕೇ ಪೆಟ್ಟು. ಎತ್ತರ ನೋಡಿ ಲೆಕ್ಕ ಹಾಕಿದ ತೂಕದ ಒಂದು ಕಿಲೋಗೆ 6 ಮಿಲಿಲೀಟರಿನಷ್ಟು ಸಣ್ಣ ಉಸಿರು ಕೊಟ್ಟರೆ ಸಾವು ಕಡಿಮೆ ಎಂದು 2000ದಲ್ಲೇ ತೋರಿಸಿದ್ದಾರೆ. ತೀವ್ರವಾದಾಗ ರೋಗಿಯನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸುತ್ತಾರೆ. ಭಾವನನ್ನೂ ಹಾಗೇ ಮಲಗಿಸಿದ್ದರು. ಗಂಟಲಿನ ಕೊಳವೆ ಅಲುಗದಂತೆ ಒಬ್ಬರು ತಲೆ ಹಿಡಿದು, ಉಳಿದವರು ಮೈ ಹಿಡಿದು ತಿರುಗಿಸಿದ್ದನ್ನು ಗಾಜಿನಾಚೆಯಿಂದ ನೋಡಿದೆ. ಅದಕ್ಕೆ ಬೇಕಾದದ್ದು ಕಲಿತ ಕೈಗಳು. ಇಷ್ಟೆಲ್ಲ ಮಾಡಿದರೂ ತೀವ್ರ ಸ್ಥಿತಿಗೆ ಹೋದವರಲ್ಲಿ ಹತ್ತರಲ್ಲಿ ನಾಲ್ಕೈದು ಜನ ಉಳಿಯುವುದಿಲ್ಲ. ಹಾಗಿರುವಾಗ ನಾವು ದಾರಿಯಲ್ಲಿ ಕಳೆದ ಹೊತ್ತಿಗೆ ಯಾರು ಹೊಣೆ?

ಮಲೆನಾಡಿನವರ ಜ್ವರ ಎಂದರೆ ಮೊದಲಿಂದಲೂ ಹೀಗೇ ಉದಾಸೀನ. ಮಂಗನ ಕಾಯಿಲೆ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಇವತ್ತಿಗೂ ಬೇಸಿಗೆ ಬಂತೆಂದರೆ ಕಾಡಂಚಿನವರಿಗೆ ಭಯ. ಹಳೇ ಲಸಿಕೆಯಿಂದ ಪ್ರಯೋಜನವಿಲ್ಲ ಎಂದು ಅದನ್ನೂ ನಿಲ್ಲಿಸಿದರು. ಸಾಹೇಬರು ಬರುವುದು ಟೇಪು ಕತ್ತರಿಸಿ ಫೋಟೋ ತೆಗೆಸಿಕೊಳ್ಳಲು. ಫೋನ್ ಮಾಡಿದರೆ ಮೀಟಿಂಗ್. ಜನಸ್ಪಂದನದಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಅವರಿಗೇ ವರ್ಗ ಆಗಿರುತ್ತದೆ. ರಸ್ತೆಗೆ ಮಳೆಗಾಲಕ್ಕೆ ಮುಂಚೆ ಜಲ್ಲಿ ಸುರಿಯುತ್ತಾರೆ, ಮೊದಲ ಮಳೆಗೇ ಎದ್ದುಹೋಗುತ್ತದೆ.

ಕೂಡಲೇ ಅರಿವಳಿಕೆ ವೈದ್ಯರನ್ನೂ ತರಬೇತಿ ಆದ ನರ್ಸ್‌ಗಳನ್ನೂ ಹಾಕಲಿ. ಆಗದಿದ್ದರೆ ಯಂತ್ರಗಳನ್ನು ನಡೆಸಬಲ್ಲ ಕಡೆಗಾದರೂ ಕಳಿಸಲಿ. ಇಲ್ಲಿಂದ ಕಳಿಸಿಬಿಟ್ಟರೆ ನಮ್ಮ ಗತಿ ಏನು ಎಂಬುದನ್ನೂ ಅವರೇ ಹೇಳಲಿ. ಮಳೆಗಾಲದಲ್ಲಿ ಜ್ವರ ಎಂದು ಬಂದವರ ಬೆರಳಿಗೆ ಕ್ಲಿಪ್ ಹಾಕಿ ನೋಡದೆ ಯಾರನ್ನೂ ಮನೆಗೆ ಕಳಿಸಬಾರದು. ಆ ಕ್ಲಿಪ್ಪಿಗೆ ಸೆಲ್ ಹಾಕಿ ಎಂದು ಕೂಡ ಪತ್ರಿಕೆಯಲ್ಲಿ ಬರೆಯಬೇಕಾ? ಸಂಬಳ ತೆಗೆದುಕೊಳ್ಳುವವರಿಗೆ ನಾಚಿಕೆಯಾಗಬೇಕು.

– ನೊಂದ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ