ಹಾಲಿನಲ್ಲಿರುವ ಸೀಸ ಅಳೆಯುವವರು ಯಾರು?

ಸಂಪಾದಕರೇ,

ವೃಷಭಾವತಿ ನದಿಯ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ಕೊಳೆಯೂ ಅದರ ಜೊತೆಗೇ ಬರುತ್ತದೆ. ಆ ನೀರಿನಲ್ಲಿ ಬೆಳೆದ ಹುಲ್ಲೇ ಹಸುಗಳಿಗೆ ಮೇವು. ಮೇವಿನ ಜೊತೆ ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಹೊಟ್ಟೆ ಸೇರಿದರೆ ಸ್ವಲ್ಪ ಹಾಲಿಗೂ ಇಳಿಯುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಒಂದು ಕಿಲೋ ಹಾಲಿನಲ್ಲಿ ಸೀಸ 0.02 ಮಿಲಿಗ್ರಾಂ ದಾಟಬಾರದು ಎಂಬ ನಿಯಮವೇನೋ ಇದೆ. ಆದರೆ ಹಳ್ಳಿ ಡೇರಿಯಲ್ಲಿ ನೋಡುವುದು ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಅಷ್ಟೇ. ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರಿಗೆ ಸೀಸ ಸಿಗುತ್ತಾ? ಸುಮ್ನೆ ರೈತರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬೇರೆ ನೀರೆಲ್ಲಿದೆ? ಈ ಭಾಗದ ಹಾಲು, ಮೇವನ್ನು ವರ್ಷಕ್ಕೆ ಎರಡು ಸಲವಾದರೂ ಲ್ಯಾಬಿಗೆ ಕಳಿಸಲಿ. ವರದಿಯನ್ನು ಡೇರಿಯ ಬಾಗಿಲಿಗೇ ಅಂಟಿಸಲಿ.

– ಒಬ್ಬ ಓದುಗ, ಬಿಡದಿ