ಇಂದಿರಾ ಗಾಂಧಿ ತೀರಿಕೊಂಡ ದಿನ ಎಲ್ಲಿದ್ದಿರಿ ಎಂದು ಕೇಳುವ ಮುನ್ನ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಹಬ್ಬಕ್ಕೆ ಎಲ್ಲರೂ ಸೇರಿದಾಗ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿ ಬಂದಾಗ ಯಾರ್ಯಾರು ಎಲ್ಲಿದ್ದರು ಎಂದು ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಒಳ್ಳೆಯ ಕೆಲಸ, ತಡ ಮಾಡಬೇಡ. ಆದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡ. ಮೊದಲು ಬಾಯಿ ತೆರೆದವರು "ರೇಡಿಯೋದಲ್ಲಿ ಕೇಳಿದ್ವಿ" ಅಂದರೆ ಸಾಕು, ಮಿಕ್ಕವರ ನೆನಪಿನೊಳಗೂ ಆ ರೇಡಿಯೋ ಬಂದು ಕೂತುಬಿಡುತ್ತದೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ನೆನಪು ಇರುವುದೇ ಹಾಗೆ. ಒಬ್ಬೊಬ್ಬರನ್ನೇ ಕೇಳು. ಅಡುಗೆಮನೆಯಲ್ಲಾದರೂ ಸರಿ, ಹಿತ್ತಲಲ್ಲಾದರೂ ಸರಿ, ಇನ್ನೊಬ್ಬರ ಕಿವಿಗೆ ಬೀಳದ ಹಾಗೆ.

ಕೇಳುವ ಮೊದಲು ಆ ದಿನದ ಕ್ರಮ ನಿನಗೆ ಗೊತ್ತಿರಬೇಕು. 1984ರ ಅಕ್ಟೋಬರ್ 31, ಬುಧವಾರ. ಬೆಳಿಗ್ಗೆ ಸುಮಾರು 9:20ಕ್ಕೆ ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯ ಆವರಣದಲ್ಲಿ ಅಂಗರಕ್ಷಕರಿಬ್ಬರು ಗುಂಡು ಹಾರಿಸಿದರು. ಏಮ್ಸ್ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ವೈದ್ಯರು ಕೈಚೆಲ್ಲಿದರು. ಬಿಬಿಸಿ ಹಗಲಲ್ಲೇ ಸಾವಿನ ಸುದ್ದಿ ಕೊಟ್ಟಿತು. ನಮ್ಮ ಆಕಾಶವಾಣಿ, ದೂರದರ್ಶನ ಅದನ್ನು ಅಧಿಕೃತವಾಗಿ ಹೇಳುವಾಗ ಸಂಜೆಯಾಗಿತ್ತು. ಅಂತ್ಯಕ್ರಿಯೆ ನಡೆದದ್ದು ನವೆಂಬರ್ 3ರ ಶನಿವಾರ. ಅದನ್ನು ದೂರದರ್ಶನ ನೇರವಾಗಿ ತೋರಿಸಿತು.

ಈ ಗಂಟೆಗಳು ಯಾಕೆ ಬೇಕು ಅಂದರೆ, "ಬೆಳಿಗ್ಗೆ ತಿಂಡಿ ತಿನ್ನುವಾಗ ಟಿವಿಯಲ್ಲಿ ಸತ್ತ ಸುದ್ದಿ ನೋಡಿದೆ" ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಎರಡು ದಿನ ಬೆರೆತಿವೆ ಎಂದು ನಿನಗೆ ತಿಳಿಯಬೇಕು. ಟಿವಿ ಇದ್ದ ಮನೆಗಳೇ ಆಗ ಕಡಿಮೆ. ನೆರೆಮನೆಯಲ್ಲಿ ಗುಂಪಾಗಿ ಕೂತು ನೋಡಿದ್ದು ಬಹುಮಟ್ಟಿಗೆ ಶನಿವಾರದ ಚಿತ್ರ. "ಸ್ಕೂಲಿಗೆ ರಜೆ ಕೊಟ್ಟು ಕಳಿಸಿದರು, ರಾಜೀವ್ ಗಾಂಧಿ ತೀರಿಕೊಂಡಾಗ" ಎಂಬ ಮಾತೂ ಬರುತ್ತದೆ. ಶ್ರೀಪೆರಂಬುದೂರಿನಲ್ಲಿ ಬಾಂಬ್ ಸಿಡಿದದ್ದು 1991ರ ಮೇ 21ರ ರಾತ್ರಿ ಹತ್ತು ಗಂಟೆಯ ಮೇಲೆ. ನಮ್ಮ ಕಡೆ ಶಾಲೆಗಳಿಗೆ ಬೇಸಿಗೆ ರಜೆ. ಆ ಗಂಟೆ ಬಾರಿಸಿದ ಶಾಲೆ ತಾಯಿಯ ಸಾವಿನ ದಿನದ್ದಿರಬೇಕು, ಮಗನದ್ದಲ್ಲ.

ಇಂಥದ್ದು ಕೇಳಿದಾಗ ಅಲ್ಲೇ ತಿದ್ದಬೇಡ. ಮುಖ ಸಪ್ಪಗಾದರೆ ಮುಂದಿನ ಮಾತು ಬರುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಇಟ್ಟುಕೊಂಡು, ಅನುಮಾನವನ್ನು ನಿನ್ನ ಪುಸ್ತಕದಲ್ಲಿ ಬೇರೆ ಬರೆದುಕೋ. ಧ್ವನಿಯಲ್ಲಿ ಎಷ್ಟು ಖಚಿತತೆ ಇದೆ ಎಂಬುದನ್ನು ಸಾಕ್ಷಿ ಎಂದು ಹಿಡಿಯಲೂಬೇಡ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಸುದ್ದಿ ತಿಳಿದ ಬಗೆಯನ್ನು ಮನೋವಿಜ್ಞಾನಿ ಉಲ್ರಿಕ್ ನೈಸರ್ ಬರೆಸಿಟ್ಟರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. 11 ಜನರ ಉತ್ತರ ಪೂರ್ತಿ ಬೇರೆಯಾಗಿತ್ತು. ಮೊದಲು ಬರೆದದ್ದಕ್ಕೆ ಎಲ್ಲದರಲ್ಲೂ ಹೊಂದುವಂತೆ ಹೇಳಿದವರು ಮೂವರೇ. ತಪ್ಪಿದವರಲ್ಲೂ ಹಲವರು ಎದೆ ತಟ್ಟಿ ಹೇಳಿದ್ದರು. ಅವರ ಕೈಬರಹವನ್ನೇ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ಅವರಿಗಾದದ್ದು ಎರಡೂವರೆ ವರ್ಷ, ನೀನು ಕೇಳಹೊರಟಿರುವುದು ನಾಲ್ಕು ದಶಕದ ಹಿಂದಿನದು.

ಪ್ರಶ್ನೆಯನ್ನು ಸುದ್ದಿಯಿಂದ ಶುರುಮಾಡಬೇಡ. "ಆ ವರ್ಷ ಯಾವ ಮನೆಯಲ್ಲಿದ್ದಿರಿ? ಮನೆಯಲ್ಲಿ ಯಾರ್ಯಾರಿದ್ದರು? ನೀರು ಎಲ್ಲಿಂದ ತರುತ್ತಿದ್ದಿರಿ?" ಎಂದು ಹಿಡಿ. ಜಾಗ ಕಣ್ಣಮುಂದೆ ನಿಂತ ಮೇಲೆ ದಿನ ತಾನಾಗಿ ಬರುತ್ತದೆ. ಆಮೇಲೆ ಕೇಳು: ಹೇಳಿದವರು ಯಾರು, ಕೈಯಲ್ಲಿ ಯಾವ ಕೆಲಸವಿತ್ತು, ಪಕ್ಕದಲ್ಲಿ ಯಾರಿದ್ದರು, ಅವರೇನು ಅಂದರು, ಕೇಳಿದ ತಕ್ಷಣ ನೀವೇನು ಮಾಡಿದಿರಿ. "ರೇಡಿಯೋದಲ್ಲಿ ಕೇಳಿದ್ರಾ?" ಎಂದು ಉತ್ತರವನ್ನೇ ಪ್ರಶ್ನೆಯೊಳಗೆ ಇಡಬೇಡ. "ಹೇಗೆ ಗೊತ್ತಾಯ್ತು?" ಸಾಕು. ಕೇಳಿ ಸುಮ್ಮನಿರು, ಮೌನವನ್ನು ತುಂಬಲು ಹೋಗಬೇಡ. ತಾರೀಖು ಮರೆತಿದ್ದರೆ ಹಬ್ಬದ ಲೆಕ್ಕ ಹಿಡಿ. ದೀಪಾವಳಿ ಆಗಿ ಒಂದು ವಾರವಷ್ಟೇ ಆಗಿತ್ತು, ಮರುದಿನವೇ ರಾಜ್ಯೋತ್ಸವ. "ಆ ಸಲ ರಾಜ್ಯೋತ್ಸವ ಹೇಗಾಯ್ತು?" ಎಂಬ ಒಂದು ಪ್ರಶ್ನೆಯಿಂದ ಎಷ್ಟೋ ಹೊರಬರಬಹುದು. ಚಿಕ್ಕಮಗಳೂರಿನ ಕಡೆಯವರಾದರೆ 1978ರ ಉಪಚುನಾವಣೆಯನ್ನೂ ಕೇಳು. ಆಗ ಅಲ್ಲಿ ಚುನಾವಣೆಗೆ ನಿಂತಿದ್ದ ಇಂದಿರಾ ಗಾಂಧಿಯವರನ್ನು ಹತ್ತಿರದಿಂದ ಕಂಡವರಿಗೆ ಈ ಸಾವು ಬೇರೆ ರೀತಿ ತಟ್ಟಿರುತ್ತದೆ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆಯೇ ಕರೆ ಬರುತ್ತದೆ. ಮಾತಾಡುವವರಿಂದ ಒಂದೆರಡು ಅಡಿ ದೂರದಲ್ಲಿ, ಮಡಿಚಿದ ಟವೆಲ್ ಮೇಲೆ ಇಡು. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ದೊಡ್ಡದಾಗಿ ಕೇಳುತ್ತದೆ. ಫ್ಯಾನ್ ಆರಿಸು. ಮೊದಲ ಮಾತಾಗಿ ರೆಕಾರ್ಡ್ ಮಾಡುತ್ತಿರುವ ದಿನದ ತಾರೀಖು, ಊರು, ಮಾತಾಡುವವರ ಹೆಸರು ನೀನೇ ಹೇಳು, ರೆಕಾರ್ಡ್ ಮಾಡಲು ಅವರ ಒಪ್ಪಿಗೆಯೂ ಅದರಲ್ಲೇ ಇರಲಿ. ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡ, ವಯಸ್ಸಾದವರು ದಣಿದರೆ ಬೇಗ ಮುಗಿಸಲೆಂದೇ ಉತ್ತರ ಕೊಡುತ್ತಾರೆ. ಅಂದೇ ರಾತ್ರಿ ಇನ್ನೊಂದು ಕಡೆ ಪ್ರತಿ ತೆಗೆದಿಡು. ಆಮೇಲೆ ದೊಡ್ಡ ಗ್ರಂಥಾಲಯವೊಂದರಲ್ಲಿ ನವೆಂಬರ್ 1ರ ಕನ್ನಡ ಪತ್ರಿಕೆಗಳನ್ನು ಹುಡುಕಿ, ನಿನ್ನ ಅನುಮಾನಗಳನ್ನು ಒಂದೊಂದಾಗಿ ತಾಳೆ ನೋಡು.

ಇನ್ನೊಂದು ವಿಷಯ ಇದೆ, ಇದನ್ನು ನಿಧಾನವಾಗಿ ಓದು. ಬೀದರಿನಲ್ಲೋ ಬೆಂಗಳೂರಿನ ಹಲಸೂರಿನಲ್ಲೋ ಸಿಖ್ ಹಿರಿಯರನ್ನೂ ಕೇಳಬೇಕೆಂದಿದ್ದೀಯ. ಅವರ ಮುಂದೆ "ಇಂದಿರಾ ಗಾಂಧಿ ತೀರಿಕೊಂಡಾಗ ಎಲ್ಲಿದ್ದಿರಿ?" ಎಂದು ಶುರುಮಾಡಬೇಡ. ಗುಂಡು ಹಾರಿಸಿದ ಇಬ್ಬರು ಸಿಖ್ಖರೆಂಬ ಒಂದೇ ಕಾರಣಕ್ಕೆ ಆ ರಾತ್ರಿಯಿಂದ ದೆಹಲಿಯಲ್ಲಿ ಏನೂ ಅರಿಯದವರನ್ನು ಮನೆಯಿಂದ ಎಳೆದು ಕೊಂದರು, ಸುಟ್ಟರು. ಸರ್ಕಾರದ ಲೆಕ್ಕವೇ ದೆಹಲಿಯೊಂದರಲ್ಲಿ 2,733 ಜನ. ನಾಲ್ಕು ವರ್ಷದ ಮೇಲೆ, 1988ರಲ್ಲಿ, ನಮ್ಮ ಬೀದರಿನಲ್ಲೇ ಸಿಖ್ ವಿದ್ಯಾರ್ಥಿಗಳ ಕೊಲೆಯಾಯಿತು. ನಮ್ಮ ಮನೆಗಳಲ್ಲಿ ಸುದ್ದಿ ಕೇಳಿದ ಗಳಿಗೆಯೇ ನೆನಪಿನ ನಡುಮಧ್ಯೆ ಇದ್ದರೆ, ಅವರಿಗೆ ಅದರ ನಂತರದ ಮೂರು ದಿನಗಳಿರಬಹುದು. ಬಾಗಿಲು ಹಾಕಿಕೊಂಡು ಕೂತದ್ದು, ದೆಹಲಿಯ ನೆಂಟರಿಂದ ಕಾಗದ ಬರಲಿ ಎಂದು ಕಾದದ್ದು. ಮೊದಲ ಭೇಟಿಯಲ್ಲಿ ರೆಕಾರ್ಡರ್ ತೆಗೆಯದೆ ಬರೀ ಮಾತಾಡಿಸಿ ಬಾ. ಹೇಳಲು ಇಷ್ಟವಿಲ್ಲ ಅಂದರೆ ಕೈಮುಗಿದು ಎದ್ದು ಬಾ. ಹೇಳಿದರೆ, ಹೆಸರು ಹಾಕಬಹುದೇ ಎಂಬುದನ್ನು ಬೇರೆಯಾಗಿ ಕೇಳು, ಮುಗಿದ ಮೇಲೆ ಒಂದು ಪ್ರತಿ ಅವರಿಗೂ ಕೊಡು.

ಇದಕ್ಕೆಲ್ಲ ಮುಂಚೆ ಒಂದು ಪರೀಕ್ಷೆ ಮಾಡಿಕೋ. 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಶುಕ್ರವಾರ, ನಿನಗೆ ಹೇಗೆ ಗೊತ್ತಾಯಿತು ಎಂದು ಫೋನ್ ಮುಟ್ಟದೆ ಒಂದು ಪುಟ ಬರೆ. ಬರೆದು ಮುಗಿಸಿ ಸಹಿ ಹಾಕಿದ ಮೇಲೆ ಅಂದಿನ ವಾಟ್ಸ್ಆ್ಯಪ್ ಸಂದೇಶಗಳನ್ನು, ಅವುಗಳ ಸಮಯವನ್ನು ತೆಗೆದು ನೋಡು. ಎಲ್ಲಿ ಹೊಂದಲಿಲ್ಲ ಎಂಬುದನ್ನು ನನಗೆ ಬರೆದು ತಿಳಿಸು.

ಇಂತು ನಿನ್ನ
ದೊಡ್ಡಮ್ಮ